ನಾಗಕ್ಕನ ಪಥ್ಯ

ನನಗೆ ಹುಚ್ಚು ಹಿಡಿಯುತ್ತಿದೆ ಎಂಬುದು ಚಾಳಿನವರಿಗಿಂತ ಮೊದಲು, ನನ್ನ ಗಂಡನಿಗಿಂತ ಮೊದಲು, ನನಗೇ ಗೊತ್ತಾಗಿತ್ತು. ಗೊತ್ತಾದದ್ದನ್ನು ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಬಿಟ್ಟರೆ ಏನಾಗುತ್ತದೆ ಅಂತ ನಾನೇನು ಕಾಣದವಳೇ? ಹುಚ್ಚು ಹಿಡಿದ ಹೆಂಗಸನ್ನು ಊರಿಗೆ ಕಳಿಸುತ್ತಾರೆ. ಊರವರು ಗುಡಿಯ ಕಂಬಕ್ಕೆ ಕಟ್ಟುತ್ತಾರೆ. ಗಂಡ ನಾಲ್ಕು ದಿನ ಅತ್ತು ಇನ್ನೊಬ್ಬಳನ್ನು ತರುತ್ತಾನೆ. ನನಗೆ ಮೂರು ವರ್ಷದ ಮಗಳಿದ್ದಳು, ಮಲ್ಲಿ. ಅವಳನ್ನು ಯಾರದೋ ಕೈಗೆ ಕೊಟ್ಟು ನಾನು ಕಂಬಕ್ಕೆ ಒರಗಿ ಕೂಡಬೇಕೆ?

ನನ್ನ ಹೆಸರು ಕಾಶವ್ವ. ಗಂಡನ ಹೆಸರು ಗುರಲಿಂಗಪ್ಪ. ಗಂಡನ ಹೆಸರು ಹೇಳಬಾರದು ಅನ್ನುತ್ತಾರೆ, ಒಂದು ಸಲ ಹೇಳಿದೆ, ಇನ್ನು ಮುಂದೆ 'ಇವರು' ಅನ್ನುತ್ತೇನೆ. ವಿಕ್ರೋಳಿಯ ಚಾಳಿನಲ್ಲಿ ನಮ್ಮದೊಂದು ಖೋಲಿ, ಆ ಖೋಲಿಯಲ್ಲೇ ನನ್ನ ಖಾನಾವಳಿ. ಕಂಪನಿಯಲ್ಲಿ ದುಡಿಯುವ, ಬಿಲ್ಡಿಂಗ್ ಕಟ್ಟುವ ನಮ್ಮ ವಿಜಾಪುರ ಕಡೆಯ ಆರು ಮಂದಿ ಗಂಡಸರು ನನ್ನ ಕೈಯ ರೊಟ್ಟಿ ಉಂಡು ಕೆಲಸಕ್ಕೆ ಹೋಗುತ್ತಿದ್ದರು. ಹೆಂಡಿರು ಮಕ್ಕಳನ್ನು ಊರಲ್ಲಿ ಬಿಟ್ಟು ಬಂದವರು. ಬಿಸಿ ರೊಟ್ಟಿ ಕಂಡರೆ ಅವರ ಮುಖ ಅರಳುವುದನ್ನು ನೋಡುವುದೇ ನನಗೊಂದು ಹೆಮ್ಮೆ.

ಆಮೇಲೆ ಆ ಎಪ್ಪತ್ತೆರಡನೆಯ ಇಸವಿಯ ಬರ ಬಂತು. ಮಳೆ ಹೋದದ್ದು ಊರಲ್ಲಿ, ಬೇಳೆ ಮಾಯವಾದದ್ದು ಮುಂಬಯಿಯಲ್ಲಿ. ಎಣ್ಣೆ ಮುಟ್ಟಿದರೆ ಸುಡುವ ಬೆಲೆ, ಶೇಂಗಾ ಬಂಗಾರದ ತುಣುಕು. ರೇಶನ್ ಅಂಗಡಿಯಲ್ಲಿ ಸಿಗುತ್ತಿದ್ದದ್ದು ಹಡಗಿನಲ್ಲಿ ಬಂದ ಕೆಂಪು ಜೋಳ, ಮಿಲೋ ಅನ್ನುತ್ತಿದ್ದರು. ಹಿಟ್ಟು ನಾದಿದರೆ ಅಂಟುವುದಿಲ್ಲ, ಬಡಿದರೆ ಹರಿಯುತ್ತದೆ. ಅದೇ ಹೊತ್ತಿಗೆ ಇವರನ್ನು ಕಂಪನಿಯಿಂದ ತೆಗೆದರು. ಇವರು ಮುಲುಂಡದಲ್ಲಿ ಲಾರಿಗೆ ಮಾಲು ಹೇರುವ ದಿನಗೂಲಿಗೆ ಹೋಗತೊಡಗಿದರು. ಕೆಲಸ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ.

ಊಟದವರ ಸಾರಿಗೆ ನೀರು ಬೆರೆಸಿದಳು ಅನ್ನಿಸಿಕೊಳ್ಳುವುದಕ್ಕಿಂತ ಸಾಯುವುದು ಮೇಲು ಅಂತ ನನ್ನ ಲೆಕ್ಕ. ಬೇಳೆ ಅವರಿಗೆ, ಪಲ್ಯ ಅವರಿಗೆ, ಸಿಕ್ಕ ಶೇಂಗಾ ಕುಟ್ಟಿ ಮಾಡಿದ ಚಟ್ನಿ ಹಿಂಡಿ ಅವರಿಗೆ. ಉಳಿದದ್ದು ಇವರಿಗೆ ಮತ್ತು ಮಲ್ಲಿಗೆ. ಎಲ್ಲರೂ ಎದ್ದ ಮೇಲೆ ನಾನು ರೊಟ್ಟಿಗೆ ಕೆಂಪು ಖಾರ, ಉಪ್ಪು ಹಚ್ಚಿಕೊಂಡು ಒಲೆಯ ಮುಂದೆಯೇ ತಿಂದು ನೀರು ಕುಡಿಯುತ್ತಿದ್ದೆ. ವರ್ಷಕ್ಕೂ ಮೇಲೆ ಹಾಗೇ ನಡೆಯಿತು. ನೀನು ಉಂಡೆಯಾ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ. ಹೊಟ್ಟೆ ತುಂಬ ರೊಟ್ಟಿ ತಿಂದವಳನ್ನು ಯಾರಾದರೂ ಉಪವಾಸ ಇದ್ದಾಳೆ ಅನ್ನುತ್ತಾರೆಯೇ?

ಮೊದಲು ನಿದ್ದೆ ಹೋಯಿತು. ಆಮೇಲೆ ಅಂಜಿಕೆ ಬಂತು. ಯಾತರ ಅಂಜಿಕೆ ಅಂದರೆ ಹೇಳಲು ಬರುತ್ತಿರಲಿಲ್ಲ. ಲೋಕಲ್ ಬಂದು ನಿಂತ ಸದ್ದಿಗೆ ಎದೆ ಧಸಕ್ಕೆನ್ನುತ್ತಿತ್ತು. ರೊಟ್ಟಿ ಬಡಿಯುವ ನನ್ನದೇ ಕೈಯ ಸಪ್ಪಳಕ್ಕೆ ನಾನೇ ಬೆಚ್ಚಿ ಹಿಂದೆ ನೋಡುತ್ತಿದ್ದೆ. ಬಾಗಿಲಲ್ಲಿ ಯಾರೋ ನಿಂತಂತೆ ಕಾಣುತ್ತಿತ್ತು. ಎದ್ದು ಹೋಗಿ ನೋಡಿದರೆ ಒಣಗಲು ಹಾಕಿದ ಸೀರೆ. ಬಾಯಿ ಹುಣ್ಣಾಯಿತು, ಹೊಟ್ಟೆ ಕೆಟ್ಟಿತು. ಸಾರಿಗೆ ಉಪ್ಪು ಹಾಕಿದ್ದು ಮರೆತು ಮತ್ತೆ ಹಾಕುತ್ತಿದ್ದೆ.

ಊಟದವರಲ್ಲಿ ಹಿರಿಯ, ಗೌಂಡಿ ಸಾಯಬಣ್ಣ, ಒಂದು ದಿನ ತುತ್ತು ಬಾಯಿಗಿಟ್ಟು, "ತಂಗೀ, ಸಮುದ್ರದ ನೀರಾಗ ಸಾರು ಮಾಡೀ ಏನು?" ಅಂದ. ಚಾಷ್ಟಿ ಅಷ್ಟೇ. ನಾನು ಕೈಯಲ್ಲಿದ್ದ ಸೌಟನ್ನು ಅವನ ತಲೆಗೆ ಗುರಿಯಿಟ್ಟು ಒಗೆದೆ. ಅದು ಗೋಡೆಗೆ ಬಡಿದು ಬಿತ್ತು. ಎಲ್ಲರೂ ನಕ್ಕರು, ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. ನಾನು ಮೊದಲಿಂದಲೂ ಸಿಡುಕಿನವಳೇ, ಆದರೆ ಉಣ್ಣುವವನ ಮೇಲೆ ಕೈ ಎತ್ತಿದವಳಲ್ಲ. ಅಂದು ಸಂಡಾಸಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಕೈಯ ಮೇಲೆ, ಕೊರಳ ಸುತ್ತ, ಬಿಸಿಲು ಬೀಳುವಲ್ಲೆಲ್ಲ ಚರ್ಮ ಸುಟ್ಟಂತೆ ಕಪ್ಪಾಗಿ ಒಡೆಯತೊಡಗಿತು. ಕೊರಳಿಗಂತೂ ಯಾರೋ ಪಟ್ಟಿ ಕಟ್ಟಿದಂತಿತ್ತು. ಒಲೆಯ ಝಳ ಅಂದುಕೊಂಡು ಸೆರಗು ಹೊದ್ದುಕೊಂಡೆ.

ಅಂಥದರಲ್ಲಿ ಒಂದು ಮಧ್ಯಾಹ್ನ ಮಲ್ಲಿಯನ್ನು ಕರೆದುಕೊಂಡು ಮೆಣಸಿನಕಾಯಿ ತರಲು ದಾದರಿಗೆ ಹೋದೆ. ಮಾರ್ಕೆಟ್ಟಿನ ಗದ್ದಲ ತಲೆಯೊಳಗೇ ನಡೆಯುತ್ತಿದೆ ಅನ್ನಿಸಿತು. ಹೇಗೆ ಲೋಕಲ್ ಹತ್ತಿದೆ, ಹೇಗೆ ಇಳಿದೆ, ಒಂದೂ ನೆನಪಿಲ್ಲ. ಮನೆಗೆ ಬಂದು ಚೀಲ ಇಳಿಸಿದೆ. ಅಂದು ಇವರಿಗೆ ಕೆಲಸ ಸಿಕ್ಕಿರಲಿಲ್ಲ, ಖೋಲಿಯಲ್ಲೇ ಇದ್ದರು.

"ಮಲ್ಲಿ ಎಲ್ಲಿ?" ಅಂದರು.

"ಯಾವ ಮಲ್ಲಿ?" ಅಂದೆ.

ಇವರು ಮೊದಲು ನಾನು ಸಿಟ್ಟಿನಲ್ಲಿ ಅಂದೆ ಅಂದುಕೊಂಡರು. ಆಮೇಲೆ ನನ್ನ ಕಣ್ಣು ನೋಡಿದರು. ಚಪ್ಪಲಿ ಕೂಡ ಮೆಟ್ಟದೆ ಓಡಿದರು. ಓಡುವ ಮುಂಚೆ ಹೊರಗಿನಿಂದ ಚಿಲಕ ಹಾಕಿದರು. ಮದುವೆಯಾದಾಗಿನಿಂದ ಇವರು ನನ್ನ ಮೇಲೆ ಚಿಲಕ ಹಾಕಿದ್ದು ಅದೇ ಮೊದಲು. ಆ ಸಪ್ಪಳ ಕಿವಿಗೆ ಬಿದ್ದ ಮೇಲೆಯೇ ನನಗೆ ನನ್ನ ಮಗಳ ನೆನಪು ಬಂದದ್ದು. ಬಾಗಿಲಿಗೆ ತಲೆ ಬಡಿದುಕೊಂಡೆ, ಕೂಗಿದೆ. ಚಾಳಿನವರು ಕಿಟಕಿಯಲ್ಲಿ ಇಣುಕಿ ನೋಡಿದರು, ಯಾರೂ ಚಿಲಕ ತೆಗೆಯಲಿಲ್ಲ. ಮಲ್ಲಿ ದಾದರ್ ಸ್ಟೇಶನ್ನಿನ ಬ್ರಿಜ್ಜಿನ ಕೆಳಗೆ ಹೂ ಮಾರುವ ಹೆಂಗಸಿನ ತೊಡೆಯ ಮೇಲೆ ನಿದ್ದೆ ಹೋಗಿದ್ದಳಂತೆ. ಮನೆಗೆ ಬಂದವಳು ನನ್ನ ಹತ್ತಿರ ಬರಲಿಲ್ಲ, ಅಪ್ಪನ ಕೊರಳು ಬಿಡಲಿಲ್ಲ.

ಇವರು ಊರಿಗೆ ಹೋಗುವವರೊಬ್ಬರ ಕೈಯಲ್ಲಿ ಹೇಳಿ ಕಳಿಸಿ ತಮ್ಮ ಅಕ್ಕ ನಾಗವ್ವನನ್ನು, ನಾವು ನಾಗಕ್ಕ ಅನ್ನುವವಳನ್ನು, ಕರೆಸಿದರು. ತಾಯಿಯಿಲ್ಲದ ಮನೆಯಲ್ಲಿ ತಾಯಿಯಾಗಿ ಇವರನ್ನು ಬೆಳೆಸಿದವಳು ಅವಳು. ಬಂದವಳೇ ನನ್ನ ಗದ್ದ ಹಿಡಿದೆತ್ತಿ ನೋಡಿ, "ಪಿತ್ತ ತಲಿಗೇರೇದ. ಇಂಥಾದ್ದ ನಾ ಕಣ್ಣಾರೆ ಕಂಡೀನಿ. ಅಂಜಬ್ಯಾಡ ಯವ್ವಾ, ನಾ ಬಂದೀನಲ್ಲ," ಅಂದಳು. ಸುಳ್ಳು ಹೇಳಬಾರದು, ನನ್ನನ್ನು ಹೆತ್ತ ಮಗಳಂತೆ ನೋಡಿಕೊಂಡಳು. ನೆತ್ತಿಗೆ ಹರಳೆಣ್ಣೆ ತಟ್ಟಿದಳು. ಹೊಲಸಾದ ನನ್ನ ಸೀರೆಗಳನ್ನು ಮೂಗು ಮುರಿಯದೆ ಒಗೆದಳು. ಖಾನಾವಳಿಯ ರೊಟ್ಟಿಯನ್ನೂ ತಾನೇ ಬಡಿದಳು.

ಪಥ್ಯವನ್ನೂ ಅವಳೇ ಗೊತ್ತು ಮಾಡಿದಳು. ಶೇಂಗಾ ಪಿತ್ತ, ಬೇಡ. ತೊಗರಿಬೇಳೆ ಉಷ್ಣ, ಬೇಡ. ಹಾಲು ಕಫ. ಸೊಪ್ಪು ಹೊಟ್ಟೆಗೆ ಆಗುವುದಿಲ್ಲ. ಹುಣ್ಣಾದ ಬಾಯಿಗೆ ಖಾರವೂ ಬೇಡ. ಉಳಿದದ್ದೇನು? ನೀರಲ್ಲಿ ನೆನೆಸಿದ ರೊಟ್ಟಿ. ಸೋಮವಾರ, ಅಮಾವಾಸ್ಯೆ ಅದೂ ಇಲ್ಲ.

ನಾನು ದಿನದಿಂದ ದಿನಕ್ಕೆ ಕೆಟ್ಟೆ. ಗೋಡೆ ನನ್ನ ಹೆಸರು ಹಿಡಿದು ಕರೆಯತೊಡಗಿತು. ನಾಗಕ್ಕ ನೆನೆಸಿದ ರೊಟ್ಟಿ ತಂದರೆ ಅದರಲ್ಲಿ ವಿಷ ಇದೆ ಅಂತ ತಾಟು ಒದೆಯುತ್ತಿದ್ದೆ. ಮರುಕ್ಷಣ ಹಸಿವಿಗೆ ನೆಲದ ಮೇಲಿಂದ ಬಳಿದು ತಿನ್ನುತ್ತಿದ್ದೆ. ಒಮ್ಮೆ ಊಟದವರಿಗೆ ಹಿಂಡಿ ಮಾಡಲೆಂದು ಅವಳು ಶೇಂಗಾ ಹುರಿಯುತ್ತಿದ್ದಾಗ ಹರಿಹಾಯ್ದು ಬಿಸಿ ಬೋಗುಣಿಗೆ ಕೈ ಹಾಕಿದೆ. ಬೆರಳು ಸುಟ್ಟವು. ನಾಗಕ್ಕ ನನ್ನ ಬಾಯೊಳಗೆ ಬೆರಳಿಟ್ಟು ಒಂದೊಂದೇ ಕಾಳು ತೆಗೆದಳು. ತೆಗೆಯುವಾಗ ಅವಳ ಕಣ್ಣಲ್ಲಿ ನೀರು ಹರಿಯುತ್ತಿತ್ತು.

"ಊರಿಗೆ ಒಯ್ಯಬೇಕ ತಮ್ಮಾ," ಅಂತ ಇವರಿಗೆ ಹೇಳಿದಳು. "ಗುಡ್ಯಾಗ ಕಟ್ಟಿ ಇಡಬೇಕ. ಇಲ್ಲಿ ಇಟ್ರ ಕೂಸಿನ್ನ ಏನರ ಮಾಡ್ಯಾಳು."

ಐತವಾರದ ಗಾಡಿ ಗೊತ್ತಾಯಿತು. ನಾನು ಮೂಲೆಯಲ್ಲಿ ಕೂತು ಎಲ್ಲ ಕೇಳಿಸಿಕೊಂಡೆ. ಮಗಳನ್ನು ನಾನು ಏನಾದರೂ ಮಾಡಿಯೇನು ಅನ್ನುವ ಅಂಜಿಕೆ ನಾಗಕ್ಕನಿಗಿಂತ ನನಗೇ ಹೆಚ್ಚಿತ್ತು. ಮಲ್ಲಿ ಹತ್ತಿರ ಬಂದರೆ ಕೈಗಳನ್ನು ಕುಂಡಿಯ ಕೆಳಗೆ ಒತ್ತಿಕೊಂಡು ಕೂಡುತ್ತಿದ್ದೆ.

ನನ್ನನ್ನು ಉಳಿಸಿದ್ದು ಯಾರ ಪುಣ್ಯವೂ ಅಲ್ಲ, ಪಕ್ಕದ ಖೋಲಿಯ ರುಕ್ಮಿಣಿಬಾಯಿಯ ಜಗಳ. ಒಂದು ಮುಂಜಾನೆ ನಾಗಕ್ಕ ನನ್ನನ್ನು ನಳದ ಹತ್ತಿರ ಕೂಡಿಸಿ ಕೈ ತೊಳೆಯುತ್ತಿದ್ದಳು. ಸೆರಗು ಜಾರಿತು. ರುಕ್ಮಿಣಿಬಾಯಿ ನನ್ನ ಕೊರಳು ನೋಡಿದವಳೇ ಕೊಡ ಹಿಂದಕ್ಕೆ ಎಳೆದುಕೊಂಡಳು.

"ಅಗಬಾಯಿ, ಹಿಲಾ ಮಹಾರೋಗ ಝಾಲಾಯ್."

ಅಷ್ಟು ಸಾಕಾಯಿತು. ಹುಚ್ಚನ್ನು ಸಹಿಸಿಕೊಂಡಿದ್ದ ಚಾಳು ಕುಷ್ಠ ಅಂದೊಡನೆ ಎದ್ದು ನಿಂತಿತು. ಊಟದವರು ಮಧ್ಯಾಹ್ನ ಬರಲಿಲ್ಲ. ದವಾಖಾನೆಯ ಚೀಟಿ ತರದೆ ನಳ ಮುಟ್ಟಬಾರದು, ಇಲ್ಲವೆ ಖೋಲಿ ಖಾಲಿ ಮಾಡಬೇಕು ಅಂದರು. ನಾಗಕ್ಕ ಏನು ಹೇಳಿದರೂ ಕೇಳದೆ ಇವರು ನನ್ನ ಕೈ ಹಿಡಿದು ಮುನಸಿಪಾಲ್ಟಿ ದವಾಖಾನೆಗೆ ಎಳೆದುಕೊಂಡು ಹೋದರು.

ಚರ್ಮದ ಡಾಕ್ಟರು ಸಣ್ಣ ವಯಸ್ಸಿನ ಹೆಂಗಸು, ಹೈದರಾಬಾದ್ ಕಡೆಯವಳು. ಕಪ್ಪಾದಲ್ಲಿ ಸೂಜಿಯಿಂದ ಚುಚ್ಚಿದಳು. ನಾನು ಅವಳ ಕೈಗೆ ಬಡಿದೆ. "ಅಚ್ಛಾ ಹೈ, ದರ್ದ್ ಹೋತಾ ಹೈ," ಅಂದಳು. ನೋವಾಗುತ್ತದೆ, ಅಂದರೆ ಮಹಾರೋಗ ಅಲ್ಲ. ನಾಲಿಗೆ ತೆಗೆ ಅಂದಳು. ನಿದ್ದೆ, ಹೊಟ್ಟೆ, ಮರೆವು ಎಲ್ಲ ಕೇಳಿದಳು. ಕೊನೆಗೆ, ಏನು ತಿನ್ನುತ್ತೀ ಅಂತ ಕೇಳಿದಳು.

"ರೊಟ್ಟಿ," ಅಂದೆ.

"ರೊಟ್ಟಿ ಜೊತೆಗೆ?"

"ಮೊದಲು ಖಾರ. ಈಗ ನೀರು," ಅಂದೆ. ಇವರು ನನ್ನ ಮುಖ ನೋಡಿದರು. ಇಷ್ಟು ವರ್ಷ ಒಂದೇ ಖೋಲಿಯಲ್ಲಿ ಇದ್ದವರಿಗೆ ಅದು ಗೊತ್ತಿರಲಿಲ್ಲ.

"ಯೇ ಭೂಕ್ ಕಾ ರೋಗ್ ಹೈ," ಅಂದಳು ಡಾಕ್ಟರ ಬಾಯಿ.

ನನಗೆ ಆ ಸ್ಥಿತಿಯಲ್ಲೂ ಮೈ ಉರಿಯಿತು. ಹಸಿವಿನ ರೋಗವೇ? ಆರು ಮಂದಿಗೆ ಬೇಯಿಸಿ ಹಾಕುವ ಖಾನಾವಳಿಯವಳಿಗೆ? "ತೇರಿ ಭೂಕ್," ಅಂತ ಬಾಯಿಗೆ ಬಂದಂತೆ ಅಂದೆ. ಅವಳು ಬೇಸರ ಮಾಡಿಕೊಳ್ಳಲಿಲ್ಲ. ಬರೀ ಜೋಳ ತಿಂದು ಬದುಕುವವರಿಗೆ ಇದು ಬರುತ್ತದೆ, ಪೆಲಾಗ್ರಾ ಅನ್ನುತ್ತಾರೆ, ನಮ್ಮ ಕಡೆ ಎಷ್ಟೋ ಮಂದಿಯನ್ನು ನೋಡಿದ್ದೇನೆ ಅಂತ ಇವರಿಗೆ ಹಿಂದಿಯಲ್ಲಿ ಬಿಡಿಸಿ ಹೇಳಿದಳು. ಹೊಟ್ಟೆ ತುಂಬಿರುತ್ತದೆ, ಮೈಗೆ ಬೇಕಾದದ್ದು ಸಿಕ್ಕಿರುವುದಿಲ್ಲ. ಮೊದಲು ಚರ್ಮ ಕೆಡುತ್ತದೆ, ಕಡೆಗೆ ತಲೆ ಕೆಡುತ್ತದೆ. ಇವಳಿಗೆ ಹುಚ್ಚಿಲ್ಲ. ಹೀಗೇ ಬಿಟ್ಟರೆ ಹುಚ್ಚೂ ಆಗುತ್ತದೆ, ಸಾಯುತ್ತಾಳೆ ಕೂಡ.

ಗುಳಿಗೆ ಕೊಟ್ಟಳು. ಗುಳಿಗೆ ಇವತ್ತು ಇದ್ದು ನಾಳೆ ಮುಗಿಯುತ್ತವೆ, ಊಟ ಸರಿಯಾಗಬೇಕು ಅಂದಳು. ಬೇಳೆ, ಮೊಳಕೆ ಕಾಳು, ಸೊಪ್ಪು, ಸಾಧ್ಯವಾದರೆ ಒಂದು ಬಟ್ಟಲು ಹಾಲು. ಇವರು, "ಬಾಯಿ, ನಾವು ಬಡವರು," ಅಂದರು. "ಬಾದಾಮಿ ತಿನಿಸು ಅಂತ ಯಾರು ಅಂದರು? ಮೂಂಗ್‌ಫಲಿ ಖಿಲಾವ್, ದಿನಾ ಒಂದು ಹಿಡಿ," ಅಂತ ತನ್ನ ಮುಷ್ಟಿ ತೋರಿಸಿದಳು.

ಮೂಂಗ್‌ಫಲಿ ಅಂದರೆ ಶೇಂಗಾ. ಮನೆಗೆ ಬಂದು ಹೇಳಿದೊಡನೆ ನಾಗಕ್ಕ ಎದೆಗೆ ಬಡಿದುಕೊಂಡಳು.

"ಆ ಹುಡುಗಿ ಏನ ಬಲ್ಲಳೋ? ಮೊದಲ ತಲಿಗೇರೇದ, ಮ್ಯಾಲ ಶೇಂಗಾ ತಿನಸಾವ? ನಿನ್ನ ಹೇಂತಿನ್ನ ನಿನ್ನ ಕೈಯಾರೆ ಕೊಲ್ಲತಿ ತಮ್ಮಾ."

ಇವರು ಒಮ್ಮೆ ಅಕ್ಕನ ಮುಖ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು. ತಾಯಿಯಂಥ ಅಕ್ಕ, ಒಂದು ಸಲ ಕಂಡ ಡಾಕ್ಟರು. ಯಾರ ಮಾತು ಹಿಡಿಯಬೇಕು? ಬೆವರು ಒರೆಸಿಕೊಂಡು, "ಐತವಾರ ತನಕ ನೋಡೂಣು ಅಕ್ಕಾ. ಆಗದಿದ್ರ ನೀ ಹೇಳಿದಂಗ," ಅಂದರು.

ಅಂದಿನ ಊಟ ಸಾಯುವ ತನಕ ಮರೆಯುವುದಿಲ್ಲ. ಮಹಾರೋಗ ಅಲ್ಲ ಅಂತ ತಿಳಿದು ಊಟದವರು ಮರಳಿ ಬಂದಿದ್ದರು, ಸಾಲಾಗಿ ಕೂತಿದ್ದರು. ನಮ್ಮಲ್ಲಿ ಹೆಂಗಸು ಗಂಡಸರ ಪಂಗತಿಯಲ್ಲಿ ಕೂತು ಉಣ್ಣುವುದಿಲ್ಲ. ಇವರು ನನ್ನನ್ನು ಆ ಸಾಲಿನ ತುದಿಗೆ ಕೂಡಿಸಿ ತಾವೇ ತಾಟಿಗೆ ಬಡಿಸಿದರು. ರೊಟ್ಟಿ, ಗಟ್ಟಿ ಬೇಳೆ, ರಾಜಗಿರಿ ಸೊಪ್ಪಿನ ಪಲ್ಯ, ಹುರಿದ ಶೇಂಗಾ. ಬಡಿಸುವ ಮೊದಲು ಮಲ್ಲಿಯನ್ನು ರುಕ್ಮಿಣಿಬಾಯಿಯ ಖೋಲಿಗೆ ಬಿಟ್ಟು ಬಂದಿದ್ದರು. ಯಾಕೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನಾಗಕ್ಕ ಬಾಗಿಲಿಗೆ ಅಡ್ಡ ಕೂತಳು. ಹಾಸಿಗೆ ಕಟ್ಟುವ ಹಗ್ಗ ಅವಳ ಮಡಿಲಲ್ಲಿತ್ತು.

ನನಗೇ ಅಂಜಿಕೆ. ನಾಗಕ್ಕ ಹೇಳಿದ್ದು ಖರೆ ಆದರೆ? ಇದು ನೆತ್ತಿಗೇರಿ ಎದ್ದು ಯಾರ ಕುತ್ತಿಗೆಗಾದರೂ ಕೈ ಹಾಕಿದರೆ? ಒಂದು ಕಾಳು ಬಾಯಿಗಿಟ್ಟು ಕಾದೆ. ಏನೂ ಆಗಲಿಲ್ಲ. ಇನ್ನೊಂದು ಇಟ್ಟೆ. ಯಾರೂ ಉಣ್ಣುತ್ತಿರಲಿಲ್ಲ, ಎಲ್ಲರೂ ನನ್ನ ದವಡೆ ನೋಡುತ್ತಿದ್ದರು. ಕಡೆಗೆ ಸಾಯಬಣ್ಣ, "ಉಣ್ಣ ತಂಗಿ, ಇವತ್ತ ಉಪ್ಪು ಬರೋಬರಿ ಬಿದ್ದದ," ಅಂತ ತನ್ನ ರೊಟ್ಟಿ ಮುರಿದ. ಬಾಯಿಯ ಹುಣ್ಣು ಉರಿದು ಕಣ್ಣೀರು ಇಳಿಯುತ್ತಿದ್ದರೂ ತಾಟು ಬಳಿದು ಉಂಡೆ. ಉಂಡ ಮೇಲೆ ಗೋಡೆಯ ಕಡೆ ಕಿವಿಗೊಟ್ಟೆ. ಗೋಡೆ ಕರೆಯಿತು. ನಾಗಕ್ಕ ನನ್ನ ಮುಖದಲ್ಲೇ ಅದನ್ನು ಓದಿ ಹಗ್ಗ ಬಿಗಿಹಿಡಿದಳು.

ಹಾಗೇ ಐತವಾರ ಬಂತು. ಗಂಟು ಕಟ್ಟಿಟ್ಟಿದ್ದರು. ನಾನು ಎದ್ದಾಗ ಖೋಲಿಯ ತುಂಬ ಬಿಸಿಲು ಬಿದ್ದಿತ್ತು. ಇವರೂ ನಾಗಕ್ಕನೂ ನನ್ನ ಎಡಬಲಕ್ಕೆ ಕೂತು ನೋಡುತ್ತಿದ್ದರು. ನಾನು ಎದ್ದು ಕೂತು, "ಮಲ್ಲಿ ತಲಿ ಯಾರೂ ಹಿಕ್ಕಿಲ್ಲೇನು? ಏನು ಗೂಡಾಗೇದ," ಅಂದೆ. ಇವರು ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತು ಅತ್ತರು. ನಾನು ಒಂದು ಇಡೀ ರಾತ್ರಿ ನಿದ್ದೆ ಮಾಡಿದ್ದೆ. ಗಾಡಿ ಹೋಯಿತು, ನಾವು ಹೋಗಲಿಲ್ಲ.

ಒಮ್ಮೆಲೇ ಎಲ್ಲ ನೆಟ್ಟಗಾಯಿತು ಅಂತ ಅಲ್ಲ. ಲೋಕಲ್ ಸದ್ದಿಗೆ ಎದೆ ಹಾರುವುದು ಬಹಳ ದಿನ ಇತ್ತು. ಆದರೆ ಅಡುಗೆ ಮತ್ತೆ ನನ್ನ ಕೈಗೆ ಬಂತು, ಬಂದದ್ದೇ ತಡ ಅದರ ರೀತಿ ಬದಲಿಸಿದೆ. ಮಾರ್ಕೆಟ್ಟು ಎತ್ತುವ ಹೊತ್ತಿಗೆ ಹೋಗಿ ಬಾಡಿದ ಸೊಪ್ಪಿನ ಸೂಡು ಅಗ್ಗಕ್ಕೆ ತಂದೆ. ಇಡೀ ಬೇಳೆಯ ಬದಲು ನುಚ್ಚುಬೇಳೆ, ಮಡಿಕೆ ಕಾಳಿನ ಮೊಳಕೆ, ಒಡೆದ ಶೇಂಗಾ. ಊಟದವರಿಗೆ ಎದುರಿಗೇ ಹೇಳಿದೆ: "ಸಾರು ತಿಳಿ ಆಗ್ತದ. ನಾನೂ ಉಣ್ಣಾಕಿ. ಬ್ಯಾಡಾದವ್ರು ಬ್ಯಾರೆ ಖಾನಾವಳಿ ನೋಡ್ಕೋರಿ." ಒಬ್ಬನೂ ಏಳಲಿಲ್ಲ. ಇದನ್ನು ಒಂದು ವರ್ಷ ಮೊದಲೇ ಹೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಊಟ ಬಲ್ಲವನಿಗೆ ರೋಗವಿಲ್ಲ ಅನ್ನುತ್ತಾರೆ. ಊಟ ಬಡಿಸಬಲ್ಲವಳಿಗೆ ಏನಿದೆ ಅಂತ ಯಾರೂ ಹೇಳಿಲ್ಲ.

ನಾನು ನಗತೊಡಗಿದಷ್ಟೂ ನಾಗಕ್ಕನ ಮುಖ ಮಾತ್ರ ಕಂದಿತು. ಕೂತಲ್ಲಿಂದ ನನ್ನ ಕೊರಳನ್ನೇ ನೋಡುತ್ತಿದ್ದಳು. ತನ್ನ ಪಥ್ಯ ಸುಳ್ಳಾಯಿತು ಅಂತ ಮುದುಕಿಗೆ ಸಿಟ್ಟು ಅಂದುಕೊಂಡೆ. ಊರಿಗೆ ಹೊರಡುವ ದಿನ ಅವಳಿಗೆ ಹೇಳಲು ಮಾತುಗಳನ್ನು ಜೋಡಿಸಿಟ್ಟುಕೊಂಡಿದ್ದೆ. ನನ್ನ ಬಾಯೊಳಗಿನ ಕಾಳು ಕಿತ್ತೆಯಲ್ಲ, ಹಗ್ಗ ಹಿಡಿದು ಕೂತೆಯಲ್ಲ ಅಂತ ನೆತ್ತಿ ತಣ್ಣಗಾಗುವ ಹಾಗೆ ಅಂದುಬಿಡಬೇಕು ಅಂತಿದ್ದೆ.

ಆ ದಿನ ಬಂತು. ನಾನು ಬುತ್ತಿ ಕಟ್ಟುತ್ತಿದ್ದೆ, ಇವರು ಮಲ್ಲಿಯನ್ನು ಕರೆದುಕೊಂಡು ಕೆಳಗೆ ಹೋಗಿದ್ದರು. ನಾಗಕ್ಕ ಬಂದು ನನ್ನ ಸೆರಗು ಸರಿಸಿ ಕೊರಳು ಮುಟ್ಟಿದಳು. ಕಪ್ಪು ಸಿಪ್ಪೆ ಪೂರ್ತಿ ಬಿಟ್ಟು ಒಳಗಿನಿಂದ ಹೊಸ ಚರ್ಮ ಬಂದಿತ್ತು.

"ಪೂರಾ ಹೋತು," ಅಂದಳು.

"ಹೋತು."

"ಲಕ್ಷ್ಮವ್ವಗೂ ಹಿಂಗ ಇತ್ತು. ಇಲ್ಲೇ. ಕೊರಳ ಸುತ್ತ."

ಲಕ್ಷ್ಮವ್ವ ಅಂದರೆ ನಾಗಕ್ಕನ ತಂಗಿ, ಇವರ ಸಣ್ಣಕ್ಕ. ನಾನು ಮದುವೆಯಾಗಿ ಬರುವ ಮೊದಲೇ ಗಾಳಿ ಬಡಿದು ಸತ್ತಳು ಅಂತ ಮನೆಯಲ್ಲಿ ಹೇಳಿದ್ದರು. ಅದರ ಮೇಲೆ ಯಾರೂ ಮಾತು ಬೆಳೆಸುತ್ತಿರಲಿಲ್ಲ.

"ಆ ವರ್ಸ ಹೊಲದಾಗ ಶೇಂಗಾ ಭಾಳ ಬಂದಿತ್ತು," ಅಂದಳು ನಾಗಕ್ಕ. "ಅಡತಿ ಅಂಗಡಿಗೆ ಮಾರಾಕ ಹೋಗೂ ಮಾಲು, ಹೆಣಮಕ್ಕಳು ಮುಟ್ಟೂದಲ್ಲ. ಪಡಸಾಲ್ಯಾಗ ಚೀಲ ಒಟ್ಟಿದ್ವಿ. ಅಕೀನ ಬಾಜೂ ಖೋಲ್ಯಾಗ ಕಟ್ಟಿದ್ವಿ. ವಾಸನಿ ಬಡೀತಿತ್ತ ಅಕಿಗೆ. ಅಕ್ಕಾ, ಒಂದ ಹಿಡಿ ಕೊಡ, ಒಂದ ಹಿಡಿ ಕೊಡ ಅಂತ ದಿನಾ ಬೇಡತಿದ್ಲು. ಬೇಡಾಕಿ ಅಕಿ ಅಲ್ಲ, ಮೈಯಾಗಿನ ದೆವ್ವ ಅಂದ್ರ ಹಿರ್ಯಾರು. ನಾ ಕೊಡಲಿಲ್ಲ. ಯಾರರ ಕರುಣಾ ಬಂದು ಕೊಟ್ಟಾರಂತ ಚೀಲದ ಬಾಯಿ ಹೊಲಿದು ಬಿಟ್ಟೆ."

ಜೋಡಿಸಿಟ್ಟ ಬಯ್ಗುಳ ಒಂದೂ ನೆನಪಾಗಲಿಲ್ಲ. ಇವಳು ನನ್ನ ವೈರಿಯಾಗಿದ್ದರೆ ಎಷ್ಟು ಚಲೋ ಇತ್ತು. ಲಕ್ಷ್ಮವ್ವನ ನೆತ್ತಿಗೂ ಇದೇ ಕೈ ಹರಳೆಣ್ಣೆ ತಟ್ಟಿರಬೇಕು. ಅವಳ ಸೀರೆಗಳನ್ನೂ ಮೂಗು ಮುರಿಯದೆ ಒಗೆದಿರಬೇಕು. ನಾನು ಅಷ್ಟು ದಿನ ಗೋಡೆಗೆ ಅಂಜಿದ್ದೆ, ಸಪ್ಪಳಕ್ಕೆ ಅಂಜಿದ್ದೆ. ಪ್ರೀತಿಗೆ ಅಂಜಿದ್ದು ಅವತ್ತೇ.

ನಾಗಕ್ಕ ನನ್ನ ಎರಡೂ ಕೈ ಹಿಡಿದುಕೊಂಡಳು.

"ಡಾಕ್ಟರ ಬಾಯಿ ನಿನ್ನ ಮುಂದ ಹೇಳ್ಯಾಳಲ್ಲ ಕಾಶವ್ವ. ಎಷ್ಟ ಕೊಟ್ಟಿದ್ರ ಅಕಿ ಉಳೀತಿದ್ಲು?"

ದಿನಾ ಒಂದು ಹಿಡಿ ಅಂತ ಡಾಕ್ಟರ ಬಾಯಿ ತೋರಿಸಿದ ಮುಷ್ಟಿ ಕಣ್ಣ ಮುಂದೆ ಬಂತು. ಆದರೂ ಅವಳ ಮುಖ ನೋಡಿ, "ನನಗ ಗೊತ್ತಿಲ್ಲರಿ ಅಕ್ಕಾ," ಅಂದೆ.